24 ಗಂಟೆ ಮನೆಯಲ್ಲಿರುವ ಅಕ್ಕ ಮಲಗುವುದು ಯಾವಾಗ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ಎಂಟೂವರೆಗೆ ಮನೆ ಬಿಟ್ಟರೆ ಬರುವುದು ಐದೂವರೆಗೆ. ಮನೆಯವರು ಬೆಂಗಳೂರಿನಲ್ಲಿದ್ದಾರೆ, ಶನಿವಾರ ಬಂದು ಸೋಮವಾರ ಬೆಳಗಿನ ಜಾವ ಹೋಗುತ್ತಾರೆ. ಅತ್ತೆಗೆ 78 ವರ್ಷ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲಿನ ಸ್ವಾಧೀನ ಕಡಿಮೆಯಾಗಿದೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾರೆ. ಶುಗರ್ ಇದೆ, ಎರಡು ಹೊತ್ತು ಇನ್ಸುಲಿನ್. ಬೆಳಗ್ಗೆ ನಾನು ಕೊಡುತ್ತೇನೆ, ಸಂಜೆ ಅತ್ತೆಯನ್ನು ನೋಡಿಕೊಳ್ಳಲು ಸಂಬಳಕ್ಕಿರುವ ಅಕ್ಕ ಕೊಡುತ್ತಾರೆ. ಈ ಅಕ್ಕ ಜಗಳೂರು ಕಡೆಯವರು, 43 ವರ್ಷ. ಐದು ತಿಂಗಳಿಂದ ನಮ್ಮ ಮನೆಯಲ್ಲೇ ಇದ್ದಾರೆ, ಭಾನುವಾರವೂ ಇರುತ್ತಾರೆ. ರಾತ್ರಿ ಹತ್ತೂವರೆಗೆ ಮಲಗಿ ಐದಕ್ಕೆ ಏಳುತ್ತಾರೆ. ಒಳ್ಳೆಯವರು. ಆದರೆ ಈಚೆಗೆ ಮಧ್ಯಾಹ್ನ ಮಲಗಿಬಿಡುತ್ತಾರೆ. ಅತ್ತೆ ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಮೂರು ಗಂಟೆಗೆ 'ಸೈರನ್ ಆಯ್ತು, ಬುತ್ತಿ ಕಟ್ಟಬೇಕು' ಅಂತ ಮಂಚದಿಂದ ಇಳಿಯಲು ನೋಡುತ್ತಾರೆ. ಮಾವ ಹತ್ತಿ ಮಿಲ್ಲಿನಲ್ಲಿದ್ದವರು, ತೀರಿಕೊಂಡು ಹನ್ನೊಂದು ವರ್ಷವಾಯಿತು. ರಾತ್ರಿ ಮೂತ್ರಕ್ಕೆ ಏಳಬಾರದು ಅಂತ ಅಕ್ಕ ನಾಲ್ಕು ಗಂಟೆ ಮೇಲೆ ನೀರು ಕೊಡುವುದಿಲ್ಲ. ಹೋದ ವಾರ ಅತ್ತೆಯ ಬೆನ್ನಿನ ಕೆಳಗೆ, ಬಾಲದ ಮೂಳೆಯ ಹತ್ತಿರ, ರೂಪಾಯಿ ಅಗಲದ ಕೆಂಪು ಗುರುತು ಕಂಡಿತು. ಪೌಡರ್ ಹಾಕಿ ತಿಕ್ಕಿ ಅಂದರು ಒಬ್ಬರು. ನಾದಿನಿ '24 ಗಂಟೆಗೆ ದುಡ್ಡು ಕೊಡ್ತೀವಿ, ಹಗಲು ಮಲಗೋಕಾ? ಕ್ಯಾಮೆರಾ ಹಾಕಿಸಿ, ಅವ್ವನಿಗೆ ನಿದ್ದೆ ಮಾತ್ರೆ ಕೊಡಿಸಿ' ಅನ್ನುತ್ತಾರೆ. ಅಕ್ಕ ಊರ ಜಾತ್ರೆಗೆ ನಾಲ್ಕು ದಿನ ರಜೆ ಕೇಳಿದ್ದಾರೆ. ಅತ್ತೆಗೆ ಸರಿಯಾದ ಒಂದು ದಿನಚರಿ ಬರೆದುಕೊಡುತ್ತೀರಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಅತ್ತೆಯ ದಿನಚರಿ. ನನ್ನ ಕಣ್ಣು ನಿಂತದ್ದು ಮಾತ್ರ ಅಕ್ಕನ ಬಗ್ಗೆ ಬರೆದ ಒಂದು ಸಾಲಿನ ಮೇಲೆ. ಹತ್ತೂವರೆಗೆ ಮಲಗಿ ಐದಕ್ಕೆ ಏಳುತ್ತಾರೆ. ಅಲ್ಲಿಗೆ ಆರೂವರೆ ಗಂಟೆ. ನಡುವೆ ಐದು ಸಲ ಏಳಬೇಕು. ಪ್ರತಿ ಸಲ ಬಟ್ಟೆ ಬದಲಿಸಿ, ಸಮಾಧಾನ ಮಾಡಿ, ಮತ್ತೆ ಕಣ್ಣು ಹತ್ತುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಉಳಿಯುವುದು ನಾಲ್ಕು ಗಂಟೆ, ಅದೂ ತುಂಡು ತುಂಡಾಗಿ. ಐದು ತಿಂಗಳಿಂದ ಹೀಗೆ, ಒಂದು ದಿನವೂ ಬಿಡುವಿಲ್ಲದೆ. ಆ ಮಧ್ಯಾಹ್ನದ ನಿದ್ದೆಯೂ ಇಲ್ಲದಿದ್ದರೆ ಅವರು ಇಷ್ಟು ದಿನ ನಿಲ್ಲುತ್ತಲೇ ಇರಲಿಲ್ಲ.

ನಾನು ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಆಮೇಲೆ ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿದ್ದೇನೆ, ಮನೆಯಲ್ಲಿದ್ದು ಆರೈಕೆ ಮಾಡುವವರಿಗೆ ಕೆಲಸ ಕಲಿಸಿದ್ದೇನೆ. ವಾರ್ಡಿನಲ್ಲಿ ಇದೇ ಅತ್ತೆಯನ್ನು ಒಂದು ದಿನಕ್ಕೆ ಮೂರು ಪಾಳಿಯವರು ನೋಡುತ್ತಾರೆ. ನಿಮ್ಮ ಮಾವ ದುಡಿದ ಮಿಲ್ಲಿನಲ್ಲೂ ಪಾಳಿ ಇತ್ತು, ಅಲ್ವಾ? ಒಬ್ಬರನ್ನೇ ಎಲ್ಲ ಪಾಳಿಗೂ ಯಾರೂ ನಿಲ್ಲಿಸುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ಅದೇ ಕೆಲಸ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. 24 ಗಂಟೆ ಎಂದರೆ ಅವರು ಮನೆಯಲ್ಲಿರುತ್ತಾರೆ ಎಂದಷ್ಟೇ ಅರ್ಥ. 24 ಗಂಟೆಯೂ ಎಚ್ಚರವಾಗಿರುತ್ತಾರೆ ಎಂದಲ್ಲ. ನಿಮ್ಮ ನಾದಿನಿಗೆ ಇದನ್ನು ಸಮಾಧಾನವಾಗಿ ಹೇಳಿ. ಅವರಿಗೂ ತಾಯಿಯ ಚಿಂತೆಯೇ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ವರ್ಷಗಳ ಹಿಂದೆ ಚಿತ್ರದುರ್ಗದ ಒಂದು ಮನೆಯಲ್ಲಿ ನಾನೇ ತಯಾರು ಮಾಡಿದ ಹುಡುಗಿಯನ್ನು ಇರಿಸಿದ್ದೆ. ಚುರುಕಾದವಳು. ಹೋದಾಗಲೆಲ್ಲ ರೋಗಿಯ ಚರ್ಮ ನೋಡುತ್ತಿದ್ದೆ, ಮಾತ್ರೆ ಡಬ್ಬಿ ನೋಡುತ್ತಿದ್ದೆ. ನೀನು ರಾತ್ರಿ ಎಷ್ಟು ಹೊತ್ತು ಮಲಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ಒಂದು ರಾತ್ರಿ ಅವಳು ಶುಗರ್ ಮಾತ್ರೆ ಕೊಟ್ಟಿದ್ದನ್ನು ಮರೆತು ಮತ್ತೊಮ್ಮೆ ಕೊಟ್ಟಳು. ಬೆಳಗಿನ ಜಾವ ಶುಗರ್ ತೀರಾ ಇಳಿದು ಅಜ್ಜ ಬೆವರಿನಲ್ಲಿ ತೊಯ್ದು ಹೋಗಿದ್ದರು. ಬದುಕಿಕೊಂಡರು. ಆ ಹುಡುಗಿಯ ಅಳು ನನಗೆ ಇವತ್ತಿಗೂ ಕೇಳಿಸುತ್ತದೆ. ನಿದ್ದೆಗೆಟ್ಟ ಕೈಯಲ್ಲಿ ಔಷಧ ಇಟ್ಟಿದ್ದು ಅವಳ ತಪ್ಪಲ್ಲ, ನನ್ನದು.

ನಿಮ್ಮ ಮನೆಯಲ್ಲಿ ಈಗ ಮೂರು ತೊಂದರೆ ಕಾಣುತ್ತಿವೆ: ಕೆಂಪು ಗುರುತು, ನೀರು ಕಡಿಮೆ, ರಾತ್ರಿ ಎಚ್ಚರ. ಮೂರಕ್ಕೂ ಒಂದಕ್ಕೊಂದು ಗಂಟು ಬಿದ್ದಿದೆ. ನೀರು ಕಡಿಮೆಯಾದರೆ ಮೂತ್ರದ ಸೋಂಕು ಬರಬಹುದು, ಮಲ ಕಟ್ಟಬಹುದು. ಅದರಿಂದ ವಯಸ್ಸಾದವರಿಗೆ ಗಲಿಬಿಲಿಯಾಗಿ ರಾತ್ರಿ ಎಚ್ಚರ ಜಾಸ್ತಿಯಾಗುತ್ತದೆ. ರಾತ್ರಿ ಎಚ್ಚರವಾದರೆ ಅಕ್ಕನ ನಿದ್ದೆ ಕೆಡುತ್ತದೆ. ಅವರಿಗೆ ನಿದ್ದೆ ಕೆಟ್ಟರೆ ಮಗ್ಗುಲು ಬದಲಿಸುವುದು ತಪ್ಪುತ್ತದೆ, ನೀರು ಕೊಡಲೂ ಹೆದರುತ್ತಾರೆ.

ಮೊದಲು ಗುರುತಿನ ವಿಷಯ, ಏಕೆಂದರೆ ಇದಕ್ಕೆ ಕಾಯುವಂತಿಲ್ಲ. ಬೆರಳಿನಿಂದ ಮೆತ್ತಗೆ ಒತ್ತಿ ಬಿಡಿ. ಬಣ್ಣ ಒಂದು ಕ್ಷಣ ತಿಳಿಯಾಗಿ ಮತ್ತೆ ಕೆಂಪಾದರೆ ಅಲ್ಲಿ ರಕ್ತ ಇನ್ನೂ ಚೆನ್ನಾಗಿ ಓಡಾಡುತ್ತಿದೆ. ಒತ್ತಿದರೂ ಬಣ್ಣ ಹಾಗೇ ಇದ್ದರೆ ಬೆಡ್ ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಹುಣ್ಣು, ಶುರುವಾಗಿದೆ ಎಂದೇ ತಿಳಿಯಿರಿ. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಕೆಲವರಲ್ಲಿ ಕಪ್ಪಾಗಿ, ನೇರಳೆಯಾಗಿ ಕಾಣುತ್ತದೆ. ಅದಕ್ಕೇ ಕೈಯಿಟ್ಟು ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಎಂದು. ಅತ್ತೆಗೆ ಶುಗರ್ ಇರುವುದರಿಂದ ಗುರುತು ಯಾವ ಥರ ಇದ್ದರೂ ಈ ವಾರವೇ ವೈದ್ಯರಿಗೆ ತೋರಿಸಿ.

ಪೌಡರ್ ಹಾಕಿ ತಿಕ್ಕಬೇಡಿ. ಸ್ಪಿರಿಟ್, ಎಣ್ಣೆ ಹಾಕಿಯೂ ತಿಕ್ಕಬೇಡಿ. ಇದು ಆಸ್ಪತ್ರೆಗಳಲ್ಲೇ ಒಂದು ಕಾಲಕ್ಕೆ ನಡೆಯುತ್ತಿತ್ತು, ಅದಕ್ಕೇ ಇನ್ನೂ ಜನರ ಬಾಯಲ್ಲಿದೆ. ಮೂಳೆಗೂ ಹಾಸಿಗೆಗೂ ನಡುವೆ ಒತ್ತಿಹೋದ ಚರ್ಮ ಅದು. ಅಲ್ಲಿ ತಿಕ್ಕಿದರೆ ಒಳಗಿನ ಸೂಕ್ಷ್ಮ ರಕ್ತನಾಳಗಳು ಇನ್ನಷ್ಟು ಹರಿದುಹೋಗುತ್ತವೆ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ನಡುವಿನ ಒತ್ತಡ ತಪ್ಪಿಸಲು ಹೋಗಿ ಸುತ್ತಲೂ ಒತ್ತುತ್ತದೆ. ಏರ್ ಬೆಡ್, ಅಂದರೆ ಗಾಳಿ ತುಂಬಿದ ಹಾಸಿಗೆ, ಒಳ್ಳೆಯದು, ತರಿಸಿ. ಆದರೆ ಏರ್ ಬೆಡ್ ಹಾಕಿದ ಮೇಲೆ ಹೊರಳಿಸುವುದು ಬೇಕಿಲ್ಲ ಎನ್ನುವುದು ನಾನು ಮನೆಮನೆಯಲ್ಲಿ ಕೇಳುವ ದೊಡ್ಡ ಸುಳ್ಳು. ಹಗಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಗೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಅರ್ಧ ವಾಲಿಸಿದರೆ ಸಾಕು. ಕುರ್ಚಿಯಲ್ಲಿ ಕೂತಾಗ ಆ ಜಾಗಕ್ಕೆ ಇನ್ನೂ ಜಾಸ್ತಿ ಭಾರ ಬೀಳುತ್ತದೆ. ಒಂದು ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಿಸಬೇಡಿ. ಹಿಮ್ಮಡಿಯನ್ನೂ ದಿನಾ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ನೀರು ನಿಲ್ಲಿಸಿದ್ದಕ್ಕೆ ಅಕ್ಕನನ್ನು ಬೈಯಬೇಡಿ. ನಿದ್ದೆಗೆಟ್ಟವರಿಗೆ ಹೊಳೆಯುವ ಉಪಾಯವೇ ಅದು. ಆದರೆ ನಮ್ಮ ಬೇಸಿಗೆಯಲ್ಲಿ ಇದು ಅಪಾಯ. ಹೃದಯ, ಕಿಡ್ನಿ ಕಾರಣಕ್ಕೆ ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ ಒಂದೂವರೆ ಲೀಟರ್ ಆದರೂ ಹೋಗಬೇಕು. ಮಜ್ಜಿಗೆ, ಗಂಜಿ, ಸಾರು ಎಲ್ಲ ಸೇರಿ. ಹೆಚ್ಚಿನ ಪಾಲು ಸಂಜೆ ಆರರೊಳಗೆ ಕೊಡಿ, ಆಮೇಲೆ ಗುಟುಕು ಗುಟುಕು. ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡುವಂಥದ್ದು ಇದೆಯಾ, ಅದನ್ನು ರಾತ್ರಿ ಕೊಡುತ್ತಿದ್ದೀರಾ ಎಂದು ವೈದ್ಯರನ್ನು ಕೇಳಿ. ಬೆಳಗಿನ ಹೊತ್ತಿಗೆ ಬದಲಿಸಿದರೆ ಎಷ್ಟೋ ಮನೆಗಳಲ್ಲಿ ರಾತ್ರಿ ಎರಡು ಸಲದ ಎಚ್ಚರ ತಪ್ಪಿದೆ. ನೀವಾಗಿಯೇ ಬದಲಿಸಬೇಡಿ. ಕಾಲಲ್ಲಿ ಬಾವು ಇದ್ದರೆ ಮಧ್ಯಾಹ್ನ ಮಲಗಿದಾಗ ಕಾಲನ್ನು ಸ್ವಲ್ಪ ಎತ್ತರಿಸಿ. ಇಲ್ಲದಿದ್ದರೆ ಕಾಲಲ್ಲಿ ನಿಂತ ನೀರೆಲ್ಲ ರಾತ್ರಿ ಮಲಗಿದ ಮೇಲೆ ಮೂತ್ರವಾಗಿ ಬರುತ್ತದೆ.

ಈಗ ಮೂರು ಗಂಟೆಯ ಸೈರನ್. ಓದುವಾಗ ನನಗೆ ಗಂಟಲು ಕಟ್ಟಿತು. ಎಷ್ಟು ವರ್ಷ ಆ ಹೊತ್ತಿಗೆ ಎದ್ದು ರೊಟ್ಟಿ ಬಡಿದಿರಬೇಕು ಆಕೆ. ಲಕ್ವದ ನಂತರ ಹಳೆಯ ಅಭ್ಯಾಸ ಹೀಗೆ ಮೇಲೆ ಬರುವುದುಂಟು, ಮರೆವಿನ ಕಾಯಿಲೆಯ ಶುರುವೂ ಇರಬಹುದು. ಆದರೆ ಅದನ್ನು ತೀರ್ಮಾನ ಮಾಡುವ ಮೊದಲು ಎರಡು ಪರೀಕ್ಷೆ ಆಗಲಿ. ಒಂದು, ಮೂತ್ರ ಪರೀಕ್ಷೆ. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರಬೇಕೆಂದಿಲ್ಲ, ಬರೀ ಗಲಿಬಿಲಿ ಇರಬಹುದು. ಇನ್ನೊಂದು, ಎರಡು ಮೂರು ರಾತ್ರಿ ಆ ಹೊತ್ತಿಗೇ ಗ್ಲೂಕೋಮೀಟರ್‌ನಲ್ಲಿ ಶುಗರ್ ನೋಡಿ. ಸಂಜೆಯ ಇನ್ಸುಲಿನ್ ಕೆಲವರಲ್ಲಿ ಎರಡು ಮೂರು ಗಂಟೆಗೆ ಶುಗರ್ ಇಳಿಸುತ್ತದೆ. 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ ನೇರ ಕೂರಿಸಿ ಮೂರು ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ನಿಧಾನ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಎರಡೂ ಸರಿಯಿದ್ದರೆ ಉಳಿಯುವುದು ಮಾತು. 'ಮಾವ ತೀರಿಕೊಂಡಿದ್ದಾರೆ, ಯಾವ ಮಿಲ್ಲು' ಎಂದು ವಾದ ಮಾಡಬೇಡಿ. ಆ ಹೊತ್ತಿನಲ್ಲಿ ಆಕೆಗೆ ಅದು ಹೊಸ ಸಾವಿನ ಸುದ್ದಿ. 'ಬುತ್ತಿ ಕಟ್ಟಿ ಇಟ್ಟಾಯ್ತು ಅವ್ವ, ಮಲಕ್ಕೋ' ಎನ್ನಲಿ ಅಕ್ಕ. ಒಂದು ಮನೆಯಲ್ಲಿ ಖಾಲಿ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮಂಚದ ಪಕ್ಕ ಇಟ್ಟಿದ್ದರು. ಅಜ್ಜಿ ಕೈಚಾಚಿ ಮುಟ್ಟಿ ನೋಡಿ ಮಲಗುತ್ತಿದ್ದರು. ಮಂಚದ ಎತ್ತರ ಕಡಿಮೆ ಇರಲಿ, ಸಣ್ಣ ದೀಪ ಉರಿಯಲಿ.

ನಿದ್ದೆ ಮಾತ್ರೆಗೆ ನನ್ನ ಒಪ್ಪಿಗೆ ಇಲ್ಲ. ಮಂಪರಿನಲ್ಲಿ ಎದ್ದು ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಮರುದಿನ ತೂಗಡಿಕೆಯಲ್ಲಿ ತಿನ್ನಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಾಡದೆ ಮಲಗಿದರೆ ಆ ಗುರುತು ಹುಣ್ಣಾಗುತ್ತದೆ. ಅಂಗಡಿಯಲ್ಲಿ ಸುಮ್ನೆ ಸಿಗುವ ನೆಗಡಿ, ಅಲರ್ಜಿ ಮಾತ್ರೆಯನ್ನು ನಿದ್ದೆಗೆಂದು ಕೊಡುವವರಿದ್ದಾರೆ. ಅವು ಗಲಿಬಿಲಿ ಹೆಚ್ಚಿಸುತ್ತವೆ, ಮೂತ್ರ ಕಟ್ಟುತ್ತವೆ. ನಿಜವಾಗಿ ಬೇಕಾದ ರೋಗಿಗಳಿದ್ದಾರೆ, ಆದರೆ ಅದನ್ನು ವೈದ್ಯರು ನೋಡಿ ಹೇಳಬೇಕು, ಮಿಕ್ಕಿದ್ದೆಲ್ಲ ಮಾಡಿ ನೋಡಿದ ಮೇಲೆ.

ರಾತ್ರಿಯ ನಿದ್ದೆ ಹಗಲಿನಲ್ಲಿ ತಯಾರಾಗಬೇಕು. ನೀವು ಕೇಳಿದ ದಿನಚರಿಗೆ ಬರುತ್ತೇನೆ. ಇದನ್ನು ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಅಕ್ಕ ಐದಕ್ಕೆ ಏಳುವುದು ಬೇಡ, ಆರಕ್ಕೆ ಏಳಲಿ. ಆರೂವರೆಗೆ ಅತ್ತೆಯ ಕೋಣೆಯ ಕಿಟಕಿ ತೆರೆಯಲಿ. ಮೂತ್ರದ ಪ್ಯಾಡ್ ಬದಲಿಸುವಾಗಲೇ ಚರ್ಮ ನೋಡುವುದು, ಬಾಯಿ ತೊಳೆಸುವುದು. ಏಳೂವರೆಗೆ ನೀವು ಶುಗರ್ ನೋಡಿ ಇನ್ಸುಲಿನ್ ಕೊಟ್ಟು, ತಿಂಡಿ ಆದ ಮೇಲೆ ಹೊರಡಿ. ತಿಂಡಿ, ಊಟ ಯಾವಾಗಲೂ ನೇರ ಕೂರಿಸಿಯೇ, ಗದ್ದ ಸ್ವಲ್ಪ ಕೆಳಗೆ. ತಿಂದ ಮೇಲೂ ಅರ್ಧ ಗಂಟೆ ಕೂತಿರಲಿ. ನೀರು ಕುಡಿದ ಮೇಲೆ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ವೈದ್ಯರಿಗೆ ಹೇಳಿ. ಇನ್ನೊಂದು ಮಾತು: ಎಡಭಾಗಕ್ಕೆ ಲಕ್ವ ಹೊಡೆದವರಲ್ಲಿ ಕೆಲವರಿಗೆ ಎಡಬದಿ ಇದೆ ಎನ್ನುವುದೇ ಮೆದುಳಿಗೆ ಹೊಳೆಯುವುದಿಲ್ಲ. ತಟ್ಟೆಯ ಎಡಗಡೆಯ ಅನ್ನ ಹಾಗೇ ಬಿಡುತ್ತಿದ್ದರೆ ಅದು ಹಠವಲ್ಲ. ತಟ್ಟೆ ತಿರುಗಿಸಿ ಇಡಿ, ತಿನ್ನುತ್ತಾರೆ. ಎಡ ಕೆನ್ನೆಯೊಳಗೆ ತುತ್ತು ಉಳಿದಿದೆಯಾ ಎಂದು ಬೆರಳಿಗೆ ಬಟ್ಟೆ ಸುತ್ತಿ ನೋಡಲಿ.

ಒಂಬತ್ತರ ಹೊತ್ತಿಗೆ ಅಂಗಳದ ಎಳೆ ಬಿಸಿಲಿನಲ್ಲಿ ಅರ್ಧ ಗಂಟೆ. ಹಗಲು ಯಾವುದು, ರಾತ್ರಿ ಯಾವುದು ಎಂದು ಮೆದುಳಿಗೆ ತಿಳಿಸುವುದಕ್ಕೆ ಬೆಳಕಿಗಿಂತ ಒಳ್ಳೆಯ ಔಷಧ ಇಲ್ಲ. ಹತ್ತಕ್ಕೆ ಸ್ನಾನ. ದಿನಾ ತಲೆಗೆ ಎರೆಯಬೇಕಿಲ್ಲ, ಮೈ ಒರೆಸಿದರೂ ನಡೆಯುತ್ತದೆ. ಎತ್ತಿ ಕೂರಿಸುವಾಗ ಎಡಗೈ ಹಿಡಿದು ಎಳೆಯಲೇಬಾರದು, ಭುಜ ಜಾರುತ್ತದೆ. ಕುರ್ಚಿ ಅತ್ತೆಯ ಬಲಕ್ಕೆ ಇರಲಿ, ಸೊಂಟಕ್ಕೆ ಅಗಲದ ಬಟ್ಟೆ ಬೆಲ್ಟ್ ಕಟ್ಟಿ ಅದನ್ನು ಹಿಡಿದು ಏಳಿಸಲಿ. ಇದು ಅಕ್ಕನ ಬೆನ್ನಿಗೂ ಬೇಕು. ಬೆನ್ನು ಹಿಡಿದುಕೊಂಡು ಕೆಲಸ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಫಿಸಿಯೋಥೆರಪಿಯವರನ್ನು ಒಂದು ಸಲ ಮನೆಗೆ ಕರೆಸಿ ಇಬ್ಬರಿಗೂ ಇದನ್ನು ಮಾಡಿ ತೋರಿಸಿಕೊಳ್ಳಿ, ಬರಹದಲ್ಲಿ ಬರುವ ವಿದ್ಯೆ ಅಲ್ಲ.

ಹನ್ನೊಂದಕ್ಕೆ ಮಜ್ಜಿಗೆ, ಕೈಕಾಲು ವ್ಯಾಯಾಮ. ಹನ್ನೆರಡೂವರೆಗೆ ಊಟ. ಒಂದೂವರೆಗೆ ಅತ್ತೆಯನ್ನು ಮಲಗಿಸಿ, ಮುಕ್ಕಾಲು ಗಂಟೆ, ಅದಕ್ಕಿಂತ ಜಾಸ್ತಿ ಬೇಡ. ಅದೇ ಹೊತ್ತಿಗೆ ಅಕ್ಕನೂ ಮಲಗಲಿ. ಕದ್ದು ಅಲ್ಲ, ನೀವೇ ಹೇಳಿದ ಹೊತ್ತಿನಲ್ಲಿ. ಅಲಾರಂ ಇಟ್ಟು ಮಲಗಿದರೆ ಭಯವೂ ಇಲ್ಲ. ಮೂರೂವರೆಗೆ ದಿನದ ಕೊನೆಯ ಟೀ. ನಾಲ್ಕರಿಂದ ಓಣಿಯವರು ಬಂದು ಮಾತಾಡಿಸಲಿ, ಅವರೆ ಸುಲಿಯುವಂಥ ಕೆಲಸವನ್ನು ಬಲಗೈಗೆ ಕೊಡಲಿ. ಸುಮ್ಮನೆ ಟಿವಿ ಮುಂದೆ ಕೂರಿಸಿದರೆ ತೂಕಡಿಸುತ್ತಾರೆ, ಆ ನಿದ್ದೆಯೇ ರಾತ್ರಿಯದನ್ನು ತಿನ್ನುತ್ತದೆ.

ನೀವು ಬಂದು ಮುಖ ತೊಳೆದು ಒಂದು ಲೋಟ ಟೀ ಕುಡಿದ ಮೇಲೆ, ಆರರಿಂದ ಏಳೂವರೆ ಅಕ್ಕನದು. ಮಕ್ಕಳಿಗೆ ಫೋನ್ ಮಾಡಲಿ, ಗುಡಿಗೆ ಹೋಗಲಿ, ಹೊರಗೆ ಮಂಡಕ್ಕಿ ತಿಂದು ಬರಲಿ, ಕೇಳಬೇಡಿ. ಸಂಜೆಯ ಇನ್ಸುಲಿನ್ ಇನ್ನು ಮೇಲೆ ನೀವೇ ಕೊಡಿ. ನಮ್ಮ ಕಡೆ ಎಲ್ಲರನ್ನೂ ಹೋಂ ನರ್ಸ್ ಎನ್ನುತ್ತೇವೆ. ಆದರೆ ನರ್ಸಿಂಗ್ ಓದಿದವರು ಬೇರೆ, ನೋಡಿ ಕಲಿತವರು ಬೇರೆ. ಡೋಸಿನ ಜವಾಬ್ದಾರಿ ಅವರ ಮೇಲೆ ಹಾಕುವುದು ನ್ಯಾಯವಲ್ಲ. ಒಂಬತ್ತೂವರೆಗೆ ಪ್ಯಾಡ್ ಬದಲಿಸಿ ದೀಪ ಆರಿಸಿ.

ಇನ್ನು ರಾತ್ರಿ. ಗುರುತು ಹೋಗುವ ತನಕ ರಾತ್ರಿಯೂ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಚರ್ಮ ಸರಿಹೋದ ಮೇಲೆ ಏರ್ ಬೆಡ್ ಮೇಲೆ ಅಂತರವನ್ನು ಎಷ್ಟು ಹೆಚ್ಚಿಸಬಹುದು ಎಂದು ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಈ ಕೆಲಸ ಒಬ್ಬರಿಂದ ಆಗದು. ಹಣ ಇದ್ದರೆ ರಾತ್ರಿಗೆ ಎರಡನೆಯವರನ್ನು ಇಟ್ಟುಕೊಳ್ಳಬಹುದು. ಚರ್ಮಕ್ಕೂ ನಿದ್ದೆಗೂ ಇದೇ ಒಳ್ಳೆಯದು. ಆದರೆ ಹೊಸ ಮುಖ ಕಂಡು ಅತ್ತೆ ಮೊದಲ ವಾರ ಇನ್ನೂ ಗಲಿಬಿಲಿಯಾಗಬಹುದು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗದೆ ಮಾತ್ರೆ ತಪ್ಪಬಹುದು, ನೋಟ್‌ಬುಕ್ ಇಡಲೇಬೇಕು. ಅಕ್ಕನನ್ನು ಹಗಲಿಗೆ ಮಾತ್ರ ಇಟ್ಟುಕೊಂಡು ರಾತ್ರಿ ನೀವೇ ನೋಡುವುದು ಅಗ್ಗ. ಎರಡೇ ತಿಂಗಳಲ್ಲಿ ನೀವು ಹಾಸಿಗೆ ಹಿಡಿಯುತ್ತೀರಿ, ನಾನು ಬೇಡ ಎನ್ನುತ್ತೇನೆ. ಅತ್ತೆಯನ್ನು ಆರೈಕೆ ಕೇಂದ್ರದಲ್ಲಿ ಬಿಡುವುದು ಪಾಪ ಎಂದು ನಾನು ಹೇಳುವುದಿಲ್ಲ, ಕೆಲವು ಮನೆಗಳಿಗೆ ಅದೇ ಸರಿ. ಆದರೆ ಈಗ ಹುಣ್ಣಿನ ಶುರುವಿನಲ್ಲಿ, ಒಬ್ಬರೇ ಹತ್ತು ಜನರನ್ನು ನೋಡುವ ಕಡೆ ಬಿಟ್ಟರೆ ಹೊರಳಿಸುವವರು ಯಾರು?

ನಿಮ್ಮ ಮನೆಗೆ ನನಗೆ ಸರಿ ಕಾಣುವುದು ಹಂಚಿಕೊಳ್ಳುವುದು. ಶನಿವಾರ, ಭಾನುವಾರ ರಾತ್ರಿ ನಿಮ್ಮ ಯಜಮಾನರು ತಾಯಿಯ ಕೋಣೆಯಲ್ಲಿ ಮಲಗಲಿ. ಪ್ಯಾಡ್ ಬದಲಿಸಲು ಅತ್ತೆ ಮಗನ ಮುಂದೆ ಸಂಕೋಚಪಟ್ಟರೆ ಆಗ ಮಾತ್ರ ನಿಮ್ಮನ್ನು ಎಬ್ಬಿಸಲಿ. ವಾರದ ನಡುವೆ ಎರಡು ರಾತ್ರಿಗೆ ಇನ್ನೊಬ್ಬರನ್ನು ಗೊತ್ತುಮಾಡಿ. ಅದರ ಖರ್ಚನ್ನು ನಾದಿನಿ ವಹಿಸಿಕೊಳ್ಳಬಹುದಲ್ಲ, ಕ್ಯಾಮೆರಾದ ದುಡ್ಡು ಹೇಗೂ ಉಳಿಯುತ್ತದೆ. ಉಳಿದ ಮೂರು ರಾತ್ರಿ ಹನ್ನೆರಡರ ತನಕ ನೀವು, ಆಮೇಲೆ ಅಕ್ಕ. ತಮ್ಮ ಸರದಿ ಇಲ್ಲದಾಗ ಅಕ್ಕ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಲಿ. ಅತ್ತೆಯ ಮಂಚದ ಕೆಳಗಿನ ಚಾಪೆ ಅವರ ಹಾಸಿಗೆ ಆಗಬಾರದು. ಭಾನುವಾರ ಪೂರ್ತಿ ರಜೆ, ಸಂಬಳ ಹಿಡಿಯದೆ. ಮನೆಗೆಲಸದವರನ್ನು ಕರ್ನಾಟಕ 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿದೆ. ಈಗಿನ ದರ ಎಷ್ಟು ಎಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ, ಕೊಡುತ್ತಿರುವುದು ಅದಕ್ಕಿಂತ ಕಡಿಮೆ ಇದ್ದರೆ ಸರಿಮಾಡಿ.

ಕ್ಯಾಮೆರಾ ಹಾಕಲೇಬೇಕು ಎನಿಸಿದರೆ ಅಕ್ಕನಿಗೆ ಹೇಳಿ ಹಾಕಿ. ಬಟ್ಟೆ ಬದಲಿಸುವ ಜಾಗ ಕಾಣಬಾರದು. ಅತ್ತೆಗೂ ಮಾನ ಇದೆ. ನಾನಾದರೆ ಮಧ್ಯಾಹ್ನ ಅಕ್ಕ ಮಲಗುವ ಹೊತ್ತಿನಲ್ಲಿ ಪಕ್ಕದ ಮನೆಯವರನ್ನು ಒಮ್ಮೆ ಇಣುಕಿ ನೋಡಲು ಕೇಳುತ್ತೇನೆ.

ಜಾತ್ರೆಗೆ ಕಳಿಸಿ. ಐದು ತಿಂಗಳಾದ ಮೇಲೆ ಕೇಳಿದ್ದಾರೆ. ಬೇಡ ಎಂದರೆ ಹೋದವರು ಬರದೇ ಇರಬಹುದು, ಆಗ ಅತ್ತೆಗೆ ಎಲ್ಲವೂ ಮತ್ತೆ ಮೊದಲಿನಿಂದ. ನಾಲ್ಕು ದಿನಕ್ಕೆ ಬರುವವರು ಎರಡು ದಿನ ಮೊದಲೇ ಬರಲಿ, ಅಕ್ಕನ ಜೊತೆ ನಿಂತು ನೋಡಲಿ. ಅತ್ತೆಗೆ ಆ ಮುಖ ಪರಿಚಯವಾಗಲಿ. ಒಂದು ಹಾಳೆಯಲ್ಲಿ ಬರೆದು ಅಲ್ಮೇರಾ ಬಾಗಿಲಿಗೆ ಅಂಟಿಸಿ: ಮಾತ್ರೆಯ ಹೊತ್ತು, ಕೊನೆಯ ಮಗ್ಗುಲು ಯಾವುದು, ಎಷ್ಟು ನೀರು ಹೋಯಿತು, ಮಲ ಯಾವಾಗ ಆಯಿತು, ವೈದ್ಯರ ನಂಬರ್. ಬಾಯಿ ಓರೆಯಾದರೆ, ಮಾತು ತೊದಲಿದರೆ, ಇನ್ನೊಂದು ಕೈ ಸೋತರೆ ಅದು ಮತ್ತೆ ಲಕ್ವ ಇರಬಹುದು, ತಡಮಾಡದೆ 108. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯಷ್ಟೇ ಸಮಯ. ಹಾಳೆಯ ಕೊನೆಗೆ ಸೈರನ್ ವಿಷಯವನ್ನೂ ಬರೆಯಿರಿ, ಬುತ್ತಿ ಕಟ್ಟಿಯಾಯ್ತು ಎಂದು ಹೇಳಬೇಕು ಅಂತ. ಹೊಸಬರಿಗೆ ಅದು ಗೊತ್ತಿರುವುದಿಲ್ಲ.